ಮಡಚದ ಮಂಡಿ

ಹುಳಿಯಾರು ಕಡೆಯ ಹೆಂಗಸೊಬ್ಬರು ನನ್ನ ಮುಂದೆ ಕಾಲು ಚಾಚಿಕೊಂಡು ಮಲಗಿದ್ದರು. ತಿಪಟೂರಿನಲ್ಲಿ ನಾನು ಕೆಲಸ ಮಾಡುವ ಕ್ಲಿನಿಕ್ಕಿನ ಹಿಂದಿನ ಕೋಣೆ ಅದು. ಒಂದು ಮಂಚ, ಒಂದು ನಿಂತ ಸೈಕಲ್ಲು, ಗೋಡೆಯ ಮೇಲೆ ಮನುಷ್ಯನ ಎಲುಬುಗಳ ದೊಡ್ಡ ಚಿತ್ರ. ನಾನು ಫಿಸಿಯೋಥೆರಪಿಸ್ಟ್. ಬಂದವರೆಲ್ಲ ಡಾಕ್ಟ್ರಮ್ಮ ಅನ್ನುತ್ತಾರೆ. ಅಲ್ಲ ಅಂತ ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಿದ್ದೇನೆ. ಆಕೆಯ ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಮಂಡಿಯ ಮೇಲಿಟ್ಟು ನಿಧಾನವಾಗಿ ಮಡಚುತ್ತಿದ್ದೆ. ಒಳಗೆ ಮರಳು ಅರೆದ ಹಾಗೆ ಕರಕರ ಅನ್ನುತ್ತಿತ್ತು. ಸವೆದ ಮಂಡಿಗಳೆಲ್ಲ ಹಾಗೇ ಸದ್ದು ಮಾಡುತ್ತವೆ.

"ಡಾಕ್ಟ್ರಮ್ಮ, ಬೇಜಾರು ಮಾಡ್ಕಳ್ದಿದ್ರೆ ಒಂದು ಮಾತು," ಅಂದರು ಆಕೆ. "ಕೆಂಕೆರೆ ಆಚೆ ಒಂದು ತೋಟದಾಗೆ ಗದ್ದುಗೆ ಐತಂತೆ, ಒಬ್ಬಮ್ಮುಂದು. ಬದುಕಿರೋಗಂಟ ಆಯಮ್ಮುನ ಕಾಲು ಕಡ್ಡಿ ಇದ್ದಂಗಿತ್ತಂತೆ, ಮಡಚ್ತಾನೇ ಇರ್ಲಿಲ್ವಂತೆ. ಪ್ರಾಣ ಹೋದ್ಮೇಲೆ ತಾನಾಗೇ ಮಡಚ್ಕಂಡು ಕೂತ್ಲಂತೆ! ಸೋಮವಾರ ಹೋಗಿ ಒಂದು ಕಾಯಿ ಒಡೆದ್ರೆ ಎಂಥಾ ಮಂಡಿ ನೋವಿದ್ರೂ ಹೋಯ್ತದಂತೆ. ನಮ್ಮ ನಾದಿನಿಗೆ ವಾಸಿ ಆಯ್ತು ಕಣ್ರೀ."

ನನ್ನ ಕೈ ನಿಂತಿತು. ಆ ಗದ್ದುಗೆ ನಮ್ಮವ್ವನದು.

ಆಕೆಗೆ ಅದು ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ನಾನೂ ಏನೂ ಹೇಳಲಿಲ್ಲ. "ಕಾಯಿ ಒಡೆಯೋದು ಆಮೇಲೆ, ಮೊದಲು ದಿನಾ ಹೇಳಿದ ವ್ಯಾಯಾಮ ಮಾಡಿ," ಎಂದು ಸ್ವಲ್ಪ ಜೋರಾಗಿಯೇ ಅಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ; ಕ್ಲಿನಿಕ್ಕಿಗೆ ಬರುವವರಿಗೆ ಅದು ಅಭ್ಯಾಸವಾಗಿದೆ. ಆಕೆ ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಮಾತ್ರ ಮುಂದಿನ ರೋಗಿಯನ್ನು ಒಳಗೆ ಕರೆಯದೆ, ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡುತ್ತಾ ಕೂತೆ. ಅದರ ಎರಡೂ ಮಂಡಿಗಳಲ್ಲಿ ಮೇಲಿನ ಎಲುಬಿಗೂ ಕೆಳಗಿನ ಎಲುಬಿಗೂ ನಡುವೆ ಸಣ್ಣ ಖಾಲಿ ಜಾಗ ಬಿಟ್ಟು ಬರೆದಿದ್ದಾರೆ. ನಮ್ಮವ್ವನ ಬಲಮಂಡಿಯಲ್ಲಿ ಆ ಜಾಗ ಇರಲಿಲ್ಲ.

ತಮ್ಮ ಹುಟ್ಟಿ ಬಾಣಂತಿತನ ಮುಗಿದ ಹೊಸತರಲ್ಲಿ ಅವ್ವ ಅಟ್ಟದ ಏಣಿಯಿಂದ ಜಾರಿ ಬಿದ್ದಳಂತೆ. ಮಂಡಿ ಊದಿಕೊಂಡಿತು, ಒಳಗೆ ಕೀವಾಯಿತು, ಜ್ವರ ತಲೆಗೇರಿತು. ಉಳಿದದ್ದೇ ಹೆಚ್ಚು ಎಂದು ಮನೆಯವರು ಹೇಳುತ್ತಿದ್ದರು. ಬಿದಿರ ದಬ್ಬೆ ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದರು. ಕಟ್ಟು ಬಿಚ್ಚಿದಾಗ ಕಾಲು ನೆಟ್ಟಗಿತ್ತು, ಆಮೇಲೆ ಯಾವತ್ತೂ ಮಡಚಲಿಲ್ಲ. ಒಳಗೆ ಆಗಿದ್ದೇನೆಂದರೆ, ಎರಡು ಎಲುಬಿನ ತುದಿಗಳನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿಯನ್ನು ಕೀವು ತಿಂದುಹಾಕಿತ್ತು. ಎಳನೀರಿನ ಎಳೆಗಂಜಿಯಂತೆ ಕೀಲಿನೊಳಗೆ ಜಾರುವ ದ್ರವವೂ ಬತ್ತಿತ್ತು. ಕಟ್ಟಿನೊಳಗೆ ಅಲುಗಾಡದೆ ಬಿದ್ದಿದ್ದ ತೊಡೆಯೆಲುಬು ಮತ್ತು ಕಣಕಾಲಿನ ಎಲುಬು, ಮುರಿದ ಮೂಳೆ ಕೂಡುವ ಹಾಗೆ, ಒಂದಕ್ಕೊಂದು ಕೂಡಿಕೊಂಡವು. ಮೂಳೆಗೆ ಗೊತ್ತಿರುವುದು ಅದೊಂದೇ ಕೆಲಸ. ಸುಮ್ಮನೆ ಬಿಟ್ಟರೆ ಕೂಡಿಕೊಳ್ಳುತ್ತದೆ, ಕೂಡಬಾರದ ಕಡೆಯೂ.

ಇದನ್ನೆಲ್ಲ ನಾನು ಕಾಲೇಜಿಗೆ ಹೋದ ಮೇಲೆ ತಿಳಿದುಕೊಂಡದ್ದು. ಚಿಕ್ಕವಳಿದ್ದಾಗ ನನಗೆ ಗೊತ್ತಿದ್ದದ್ದು ಅವ್ವನ ಎರಡು ಮಂಡಿಗಳ ಚರ್ಮ ಬೇರೆ ಬೇರೆ ಎಂಬುದಷ್ಟೇ. ಎಡಮಂಡಿಯದು ಎಲ್ಲರ ಮಂಡಿಯಂತೆ ಒರಟು, ಕಪ್ಪು, ತುಂಬಾ ನೆರಿಗೆ. ಬಲಮಂಡಿಯದು ನುಣುಪು. ಒಂದು ಗೆರೆ ಕೂಡ ಇಲ್ಲ. ಮಡಚಿ ಬಿಡಿಸಿ ಮಾಡಿದರೆ ತಾನೇ ಚರ್ಮಕ್ಕೆ ಗೆರೆ ಬೀಳುವುದು? ತಲೆ ಬಾಚಿಸಿಕೊಳ್ಳುವಾಗ ನಾನು ಆ ನುಣುಪಿನ ಮೇಲೆ ಬೆರಳಾಡಿಸುತ್ತಿದ್ದೆ. ಅವಳ ಮೈಯಲ್ಲಿ ವಯಸ್ಸಾಗದ ಜಾಗ ಅದೊಂದೇ ಆಗಿತ್ತು.

ಅವ್ವ ಆ ಕಾಲನ್ನು ಪಕ್ಕಕ್ಕೆ ಬೀಸಿ ನಡೆಯುತ್ತಿದ್ದಳು. ಕೆಲಸದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ನಮ್ಮ ಕಡೆ ಕೊಬ್ಬರಿಗೆ ಬಿಟ್ಟ ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಹಾಕಿರುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಗಡಗಡ ಅಲ್ಲಾಡಲು ಶುರುವಾದ ಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆಯುತ್ತೇವೆ. ಚಿಪ್ಪು ಮಾತ್ರ ಒಡೆಯಬೇಕು. ಒಳಗಿನ ಉಂಡೆ ಕೊಬ್ಬರಿಗೆ ಒಂದು ಗೀರು ಬೀಳಬಾರದು. ಅವ್ವ ಗಿಡ್ಡ ಮಣೆಯ ಮೇಲೆ ಕೂತು, ಬಲಗಾಲನ್ನು ಉದ್ದಕ್ಕೆ ಚಾಚಿ, ಕಾಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಮಚ್ಚಿನ ಹಿಂಬದಿಯಿಂದ ಟಕ್, ಟಕ್ ಅಂತ ಬಡಿಯುತ್ತಿದ್ದಳು. ಚಿಪ್ಪು ಸೀಳುತ್ತಿತ್ತು, ಕೊಬ್ಬರಿ ಇಡಿಯಾಗಿ ಮಡಿಲಿಗೆ ಬೀಳುತ್ತಿತ್ತು. ಊರಲ್ಲಿ ಯಾರ ಮನೆಯ ಕೊಬ್ಬರಿ ಒಡೆಯುವುದಕ್ಕೂ ಅವಳನ್ನು ಕರೆಯುತ್ತಿದ್ದರು.

ಮದುವೆಮನೆಗೆ ಕರೆದರೆ ಮಾತ್ರ ಹೋಗುತ್ತಿರಲಿಲ್ಲ. ಪಂಕ್ತಿಯಲ್ಲಿ ಕೂತರೆ ಎದುರಿನವರ ಎಲೆಯತ್ತ ಕಾಲು ಚಾಚಬೇಕು. ಅಯ್ಯನವರು ಪೂಜೆಗೆಂದು ಮನೆಗೆ ಬಂದಾಗ ಎಲ್ಲರೂ ಕೂತರೆ ಇವಳೊಬ್ಬಳು ಬಾಗಿಲ ಮರೆಯಲ್ಲಿ ನಿಂತಿರುತ್ತಿದ್ದಳು. "ದೇವ್ರ ಕಡೆ ಕಾಲು ಚಾಚ್ಕಂಡು ಕೂರೋ ಬದ್ಲು ನಿಂತ್ಕಳಾದೇ ವಾಸಿ ಬುಡು," ಅನ್ನುತ್ತಿದ್ದಳು. ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಅವಳ ಮೇಲಲ್ಲ, ಎಲೆಗಳ ಮೇಲೆ.

ಈ ಕಾಲಿನ ಬಗ್ಗೆ ಅವ್ವನಿಗೆ ನಾಚಿಕೆ ಇತ್ತು, ಸರಿ. ಭಯ ಹುಟ್ಟಿದ್ದು ಅಜ್ಜಿ ಸತ್ತ ದಿನ.

ಅಜ್ಜಿ ಎಂದರೆ ಅಪ್ಪನ ತಾಯಿ. ನಾವು ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಮೈ ತೊಳೆದು, ವಿಭೂತಿ ಧರಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲೇ ನಮ್ಮ ತೋಟದ ಮಣ್ಣಿಗೆ ಇಳಿಸುತ್ತೇವೆ. ಪ್ರಾಣ ಹೋದ ಮೇಲೆ ಬೇಗ ಕೂರಿಸಬೇಕು. ಸತ್ತವರ ಬಿಗಿತ ಮೊದಲು ದವಡೆಗೆ ಬರುತ್ತದೆ, ಆಮೇಲೆ ಕುತ್ತಿಗೆ, ಕೈ, ಕೊನೆಗೆ ಕಾಲು. ಅಜ್ಜಿ ನಸುಕಿನಲ್ಲಿ ಯಾರಿಗೂ ಗೊತ್ತಾಗದಂತೆ ಹೋಗಿದ್ದಳು. ಎಲ್ಲರೂ ಸೇರುವಷ್ಟರಲ್ಲಿ ಬಿಸಿಲು ಏರಿತ್ತು, ಮೈ ಸೆಟೆದಿತ್ತು. ಮಂಡಿಗಳು ಮೊದಲೇ ವಾತದಿಂದ ಹಿಡಿದಿದ್ದವು.

ನಾನು ಗೋಡೆಯ ಈಚೆ ಅವ್ವನ ಸೆರಗು ಹಿಡಿದು ನಿಂತಿದ್ದೆ. ಒಳಗೆ ಗಂಡಸರು ಬಿಸಿನೀರು ಹಾಕುತ್ತಿದ್ದರು, ಎಣ್ಣೆ ತಿಕ್ಕುತ್ತಿದ್ದರು. "ಒತ್ತು, ಇನ್ನೊಸಿ ಒತ್ತು," ಎಂದು ಯಾರೋ ಅಂದರು. ಆಮೇಲೆ ಒಂದು ಸದ್ದು ಬಂತು. ಟಕ್.

ನಾನು ಯಾರೋ ಕೊಬ್ಬರಿ ಒಡೆದರು ಅಂದುಕೊಂಡೆ. ಅವ್ವನ ಮುಖ ನೋಡಿದಾಗ ಅಲ್ಲ ಎಂದು ತಿಳಿಯಿತು. ಅವಳು ಎರಡೂ ಕೈಯಿಂದ ತನ್ನ ಬಲಮಂಡಿಯನ್ನು ಮುಚ್ಚಿ ಹಿಡಿದಿದ್ದಳು, ಮೈಮೇಲೆ ಬಟ್ಟೆ ಇಲ್ಲದವಳ ಹಾಗೆ.

ಅವತ್ತಿನಿಂದ ಆ ಸದ್ದು ನಮ್ಮ ಮನೆಯಲ್ಲೇ ಉಳಿಯಿತು. ಅಟ್ಟದ ಮೇಲೆ ಇಲಿ ಓಡಿ ಕಾಯಿ ಉರುಳಿದರೆ ಅವ್ವ ಬೆಚ್ಚಿ ಮೇಲೆ ನೋಡುತ್ತಿದ್ದಳು. ಕೊಬ್ಬರಿ ಒಡೆಯುವ ಕೆಲಸವನ್ನು ಅವಳು ಬಿಡಲಿಲ್ಲ. ಆದರೆ ಒಡೆಯುವಾಗ ಬಲಗಾಲಿನ ಮೇಲೆ ಒಂದು ಗೋಣಿ ಹೊದಿಸಿಕೊಳ್ಳುತ್ತಿದ್ದಳು. ಯಾಕೆ ಅಂದರೆ, "ಅದುಕ್ಕೆ ಕೇಳ್ಬಾರ್ದು," ಅನ್ನುತ್ತಿದ್ದಳು. ತಮಾಷೆಗೆ ಹೇಳುತ್ತಾಳೆ ಎಂದು ಎಲ್ಲರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ನಾನು ಈ ಓದನ್ನೇ ಯಾಕೆ ಆರಿಸಿಕೊಂಡೆ ಎಂದು ಯಾರಾದರೂ ಕೇಳಿದರೆ ಬೇರೆ ಯಾವುದಕ್ಕೂ ಸೀಟು ಸಿಗಲಿಲ್ಲ ಎನ್ನುತ್ತೇನೆ. ಅದು ಅರ್ಧ ನಿಜ. ಇನ್ನರ್ಧ, ಮುರಿಯದೆ ಮಡಚುವುದನ್ನು ಕಲಿಸುತ್ತಾರೆ ಎಂದು ಕೇಳಿದ್ದೆ.

ಕೆಲಸಕ್ಕೆ ಸೇರಿದ ಮೇಲೆ ಅವ್ವನನ್ನು ತಿಪಟೂರಿಗೆ ಕರೆಸಿ ಎಕ್ಸ್‌ರೇ ತೆಗೆಸಿದೆ. ಅಪ್ಪ ಅಷ್ಟರಲ್ಲಿ ತೀರಿಕೊಂಡು ತೋಟದ ಮೂಡಲ ಮೂಲೆಯಲ್ಲಿ ಕೂತಿದ್ದರು. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ, ಎಲುಬುಗಳ ನಡುವಿನ ಕಪ್ಪು ಪಟ್ಟಿಯೇ ಅದರ ಗುರುತು. ಅವ್ವನ ಫಿಲ್ಮಿನಲ್ಲಿ ಕಪ್ಪು ಪಟ್ಟಿ ಎಲ್ಲೂ ಇರಲಿಲ್ಲ. ತೊಡೆಯಿಂದ ಪಾದದವರೆಗೆ ಒಂದೇ ಬಿಳಿ ಎಲುಬು. ಮಂಡಿಚಿಪ್ಪು ಕೂಡ ಅದಕ್ಕೇ ಅಂಟಿತ್ತು. ಮಂಡಿಯ ಮೇಲ್ಗಡೆ ತೊಡೆಯೆಲುಬು ತೆಳ್ಳಗಾಗಿತ್ತು. ಬಗ್ಗಿಸಲು ಹೋದರೆ ಮುರಿಯುವುದು ಅಲ್ಲೇ ಎಂದು ನೋಡಿದ ತಕ್ಷಣ ಗೊತ್ತಾಯಿತು.

"ಮಡಚಂಗೆ ಮಾಡ್ತೀಯೇನೇ?" ಎಂದಳು ಅವ್ವ.

"ಇಲ್ಲವ್ವ. ಆಗಲ್ಲ. ಆಪರೇಶನ್ ಮಾಡಿ ಕೀಲು ಹಾಕಬಹುದು, ಆದ್ರೆ ನಿನ್ನ ಹಾರ್ಟು ತಡೆಯಲ್ಲ ಅಂತಾರೆ. ನಡೆಯೋಕೆ ತೊಂದ್ರೆ ಇಲ್ವಲ್ಲ, ಬಿಡು."

"ನಡೆಯಾಕಲ್ಲ ಕಣೇ," ಎಂದಳು. ಫಿಲ್ಮಿನಲ್ಲಿ ಮಂಡಿಯ ಮೇಲೆ ಬೆರಳಿಟ್ಟಳು. "ಕೂರಾಕೆ."

ಎಲ್ಲಿ ಕೂರುವುದಕ್ಕೆ ಎಂದು ನಾನು ಕೇಳಬೇಕಾಗಿರಲಿಲ್ಲ.

ಊರಿಗೆ ಹೋದಾಗ ದೊಡ್ಡಪ್ಪನ ಹತ್ತಿರ ಮಾತು ತೆಗೆದೆ. ಅಪ್ಪನ ಅಣ್ಣ ಅವರು. ಮನೆತನದ ಸಾವು ನೋವಿನಲ್ಲಿ ಅವರು ಹೇಳಿದ್ದೇ ಆಗಬೇಕು. ಅವ್ವನನ್ನು ಮಲಗಿಸಿಯೇ ಇಳಿಸಿದರೆ ಏನಾಗುತ್ತದೆ ಎಂದೆ. ದೊಡ್ಡಪ್ಪ ಎಲೆಯಡಿಕೆ ಉಗಿದು ಬಂದು ಕೂತರು. "ತ್ವಾಟದಾಗೆ ನಮ್ಮೋರೆಲ್ಲ ಕೂತವ್ರೆ. ಅವ್ಳೊಬ್ಳನ್ನ ಮಲಗುಸ್ತೀಯಾ? ನಾಕು ಜನ ಏನಂತಾರೆ? ಇರೋಗಂಟ ಪಂಕ್ತೀಲಿ ಕೂರ್ಲಿಲ್ಲ, ಹೋದ್ಮೇಲೂ ಬ್ಯಾಡ್ವಾ?" ಅವರು ಹೇಳಿದ್ದರಲ್ಲಿ ಕೊನೆಯ ಮಾತು ಅವ್ವನಿಗೂ ಒಪ್ಪಿಗೆಯಾಗಿತ್ತು. ಅದೇ ಕಷ್ಟವಾದದ್ದು. ಅವಳಿಗೆ ಅಪ್ಪನ ಪಕ್ಕದಲ್ಲಿ ಕೂರಬೇಕಿತ್ತು, ಎಲ್ಲರಂತೆ. ಮುರಿಸಿಕೊಳ್ಳದೆ ಕೂರಬೇಕಿತ್ತು.

ಒಂದು ಸಂಜೆ ನನ್ನನ್ನೂ ತಮ್ಮನನ್ನೂ ಕರೆದು ಜಗಲಿಯ ಮೇಲೆ ಕೂರಿಸಿಕೊಂಡಳು. ಇಬ್ಬರ ಕೈಗಳನ್ನೂ ಎಳೆದು ತನ್ನ ಬಲಮಂಡಿಯ ಮೇಲಿಟ್ಟುಕೊಂಡಳು. ನುಣುಪು ಚರ್ಮ ತಣ್ಣಗಿತ್ತು. "ಕೂರುಸ್ರಪ್ಪ. ಮುರೀಬ್ಯಾಡ್ರಿ. ಅಷ್ಟೇ ನಾ ಕೇಳಾದು," ಎಂದಳು. ತಮ್ಮ ಆಗಲಿ ಅಂದ. ನಾನೂ ಅಂದೆ. ಹೇಗೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅವ್ವ ಹೋದದ್ದು ಒಂದು ಮಧ್ಯಾಹ್ನ, ತುಂಬಿದ ಬಿಸಿಲಿನಲ್ಲಿ. ಎದೆ ನೋವು ಎಂದಳಂತೆ, ನೀರು ಕೇಳಿದಳಂತೆ. ತಮ್ಮ ಫೋನು ಮಾಡಿದಾಗ ನಾನು ಯಾರದೋ ಭುಜಕ್ಕೆ ಶಾಖ ಕೊಡುತ್ತಿದ್ದೆ. ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ನನ್ನ ತಲೆಯೊಳಗೆ ಬಿಗಿತದ ಲೆಕ್ಕವೇ ಓಡುತ್ತಿತ್ತು: ಈಗ ದವಡೆ, ಈಗ ಕುತ್ತಿಗೆ. ಅತ್ತಿರಲಿಲ್ಲ. ನಾನು ಮುಟ್ಟುವುದರೊಳಗೆ ಯಾರೂ ಅವಳನ್ನು ಮುಟ್ಟಬಾರದು ಎಂದು ಹಲ್ಲು ಕಚ್ಚಿ ಕೂತಿದ್ದೆ.

ಮನೆ ತಲುಪಿದಾಗ ನಡುಮನೆಯ ಬಾಗಿಲು ಹಾಕಿತ್ತು. ಒಳಗೆ ದೊಡ್ಡಪ್ಪ ಮತ್ತು ತಮ್ಮ, ಇಬ್ಬರೇ. ಹೆಂಗಸರು ಅಂಗಳದಲ್ಲಿ ಕೂತಿದ್ದರು. ನಾನು ಬಾಗಿಲು ಬಡಿದೆ. "ತಡಿಯೇ, ಕೂರುಸ್ತಾ ಅವ್ರೆ," ಎಂದು ಯಾರೋ ನನ್ನನ್ನು ಹಿಡಿದುಕೊಂಡರು. ತಮ್ಮನ ಹೆಸರು ಹಿಡಿದು ಕೂಗಿದೆ.

ಸದ್ದು ಬಂತು. ಟಕ್.

ಅಂಗಳದಲ್ಲೇ ಕುಸಿದು ಕೂತೆ.

ಬಾಗಿಲು ತೆರೆದಾಗ ಅವ್ವ ಕೂತಿದ್ದಳು. ಎತ್ತರಿಸಿ ಇಟ್ಟು ಸುತ್ತ ಸೀರೆ ಇಳಿಬಿಟ್ಟ ದೊಡ್ಡ ಹಲಗೆಯ ಮೇಲೆ, ಗೋಡೆಗೆ ಒರಗಿ, ಹಣೆ ತುಂಬಾ ವಿಭೂತಿ, ಹಸಿರು ರೇಷ್ಮೆ ಸೀರೆ. ಸೀರೆಯಡಿ ಎರಡು ಮಂಡಿಗಳು ಎರಡು ಕಡೆಗೆ ಮಡಚಿದ್ದವು, ಎಡದ್ದು, ಬಲದ್ದು. ನನಗೆ ನೆನಪಿದ್ದಾಗಿನಿಂದ ಒಮ್ಮೆಯೂ ನೋಡದ ಭಂಗಿಯಲ್ಲಿ ನಮ್ಮವ್ವ ಇದ್ದಳು. ಹೆಂಗಸರು ಒಂದು ಗಳಿಗೆ ಅಳುವುದನ್ನೇ ಮರೆತರು. "ಅಯ್ಯೋ ಶಿವನೇ, ಮಡಚ್ಕಂಡವ್ಳೆ ನೋಡ್ರೇ," ಎಂದು ಒಬ್ಬಳು ಅಂದಳು. "ತಾನಾಗೇ ಮಡಚ್ತು," ಎಂದು ಇನ್ನೊಬ್ಬಳು. ಬಾಗಿಲಿನಿಂದ ಬೀದಿಗೆ ಹೋಗುವಷ್ಟರಲ್ಲಿ ಅದು ಮಹಿಮೆಯಾಗಿತ್ತು.

ನಾನು ಆ ಮಂಡಿ ಮುಟ್ಟಲು ಕೈ ಚಾಚಿದೆ. ದೊಡ್ಡಪ್ಪ ಅಡ್ಡ ಬಂದರು. "ಕೈಯಾಗೆ ಲಿಂಗ ಐತೆ. ಮುಟ್ಟಬ್ಯಾಡ ಮಗಾ." ಅವರ ದನಿ ನಡುಗುತ್ತಿತ್ತು. ತಮ್ಮನನ್ನು ನೋಡಿದೆ. ಅವನು ನನ್ನನ್ನು ನೋಡಲಿಲ್ಲ. ಹಲಗೆಯ ಸಮೇತ ಎತ್ತಿ, ಹೆಣವನ್ನು ಕೂರಿಸಿ ಹೊರುವ ವಿಮಾನದಲ್ಲಿಟ್ಟರು, ಸುತ್ತಲೂ ಸೀರೆಯ ನೆರಿಗೆ ಇಳಿಬಿದ್ದಿತ್ತು, ಮೇಲೆ ಹೂವು. ತೋಟದ ಬೇಲಿಯವರೆಗೆ ನಾವು ಹೆಂಗಸರು ಹೋದೆವು. ನಮ್ಮ ಮನೆತನದಲ್ಲಿ ಗುಣಿಯ ಹತ್ತಿರ ಹೆಂಗಸರು ಹೋಗುವುದಿಲ್ಲ. ಗಂಡಸರು ಪಂಚೆ ಅಡ್ಡ ಹಿಡಿದು ಅವಳನ್ನು ಇಳಿಸಿದರು. ನಾನು ಮಣ್ಣು ಕೂಡ ಹಾಕಲಿಲ್ಲ.

ಎಲ್ಲರೂ ಅವ್ವನ ಮಂಡಿ ಮಡಚಿತು ಎಂದು ಕೈ ಮುಗಿದರು. ಆ ಫಿಲ್ಮನ್ನು ನೋಡಿದ್ದವಳು ನಾನೊಬ್ಬಳೇ. ಅದು ಮಡಚುವ ಎಲುಬಲ್ಲ ಎಂದು ನನಗೆ ಗೊತ್ತಿತ್ತು.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ನಾನು ಊರಿಗೆ ಹೋಗುವುದನ್ನು ಬಿಟ್ಟೆ. ತಮ್ಮ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅವನು ಬಸ್ಸಿನಲ್ಲಿ ಎಳನೀರು ಕಳಿಸುತ್ತಿದ್ದ, ಕೊಬ್ಬರಿ ಕಳಿಸುತ್ತಿದ್ದ. ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಿದ್ದೆ. ನನ್ನ ಕಸುಬೇ ನನಗೆ ಶತ್ರುವಾಯಿತು. ಮಂಚದ ಮೇಲೆ ಯಾರ ಮಂಡಿ ಮಡಚಿದರೂ ಕೊನೆಯ ಒಂದು ಅಂಗುಲಕ್ಕೆ ಕೈ ನಿಲ್ಲುತ್ತಿತ್ತು. ಗಟ್ಟಿಯಿದ್ದ ಕೀಲು ಸಣ್ಣಗೆ ಲಟಕ್ ಎಂದರೂ ಬೆವರು ಕಿತ್ತುಕೊಂಡು ಬರುತ್ತಿತ್ತು. ತಿಪಟೂರಿನಲ್ಲಿ ಯಾವ ಬೀದಿಗೆ ಹೋದರೂ ಎಲ್ಲಾದರೂ ಒಂದು ಕಡೆ ಕೊಬ್ಬರಿ ಒಡೆಯುತ್ತಲೇ ಇರುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಂಡು ಸಂತೆಗೆ ಹೋಗಿದ್ದೂ ಉಂಟು.

ಕಣ್ಣು ಮುಚ್ಚಿದರೆ ಎಕ್ಸ್‌ರೇ ಕಾಣುತ್ತಿತ್ತು. ಮಣ್ಣಿನೊಳಗೆ ಅವ್ವ ಕೂತಿದ್ದಾಳೆ, ಮಂಡಿಯ ಮೇಲ್ಗಡೆ ತೆಳುವಾದ ಜಾಗದಲ್ಲಿ ಬಿಳಿ ಗೆರೆ ಸೀಳಿದೆ, ಸೀಳಿದ ತುದಿ ಚರ್ಮಕ್ಕೆ ಒತ್ತುತ್ತಿದೆ. ಸತ್ತ ಮೇಲೆ ನೋವಿಲ್ಲ, ನನಗೆ ಗೊತ್ತು. ನರಗಳು ಸುದ್ದಿ ಒಯ್ಯುವುದಿಲ್ಲ. ಮೊದಲು ಚರ್ಮ ಹೋಗುತ್ತದೆ, ಆಮೇಲೆ ಮಾಂಸ, ಕೀಲು ಬಿಗಿದ ಪಟ್ಟಿಗಳು ಎಲ್ಲಕ್ಕಿಂತ ಕೊನೆಗೆ. ಆದರೆ ಎಲುಬು ಉಳಿಯುತ್ತದೆ. ಮುರಿದದ್ದು ಮುರಿದ ಹಾಗೇ ಉಳಿಯುತ್ತದೆ, ಬದುಕಿದ್ದರೆ ತಾನೇ ಕೂಡಿಕೊಳ್ಳುವುದು. ಈ ಯೋಚನೆ ಬಂದಾಗಲೆಲ್ಲ ನಾನು ಎದ್ದು ನನ್ನ ಬಲಮಂಡಿಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದೆ, ಅವಳು ಅಜ್ಜಿಯ ದಿನ ಹಿಡಿದುಕೊಂಡ ಹಾಗೆ.

ಅಂಥ ಹೊತ್ತಿನಲ್ಲಿ ಹುಳಿಯಾರಿನ ಆ ಹೆಂಗಸು ಬಂದು, ನಮ್ಮವ್ವನ ಮೇಲೆ ಕಾಯಿ ಒಡೆದರೆ ಮಂಡಿ ವಾಸಿಯಾಗುತ್ತದೆ ಎಂದದ್ದು. ಮುರಿಯಬೇಡಿ ಎಂದು ಬೇಡಿಕೊಂಡವಳ ತಲೆಯ ಮೇಲೆ ಸೋಮವಾರ ಸೋಮವಾರ ಟಕ್, ಟಕ್. ನನಗೆ ತಡೆಯಲಾಗಲಿಲ್ಲ. ಮುಂದಿನ ಸೋಮವಾರ ಕ್ಲಿನಿಕ್ಕಿಗೆ ರಜೆ ಹೇಳಿ, ಮೊದಲ ಬಸ್ಸು ಹಿಡಿದೆ. ತಮ್ಮನನ್ನು ಬಾಯಿಗೆ ಬಂದ ಹಾಗೆ ಬೈದು, ಆ ಪೂಜೆ ಗೀಜೆ ಎಲ್ಲ ನಿಲ್ಲಿಸಿಯೇ ಬರುತ್ತೇನೆ ಎಂದು ಹೊರಟಿದ್ದೆ.

ಹಿಂದಿನ ದಿನಗಳಲ್ಲಿ ಒಳ್ಳೆಯ ಮಳೆಯಾಗಿತ್ತು. ತೋಟದ ಕೆಂಪು ಮಣ್ಣು ಚಪ್ಪಲಿಗೆ ಅಂಟುತ್ತಿತ್ತು. ಬೇಲಿ ದಾಟಿದೆ. ನಮ್ಮ ಮನೆಯ ಹೆಂಗಸರು ದಾಟಬಾರದ ಜಾಗ ಎಂದು ಕಾಲು ಒಂದು ಕ್ಷಣ ಅಳುಕಿತು, ದಾಟಿತು. ಮೂಡಲ ಮೂಲೆಯಲ್ಲಿ ತಮ್ಮ ಬಗ್ಗಿ ನಿಂತಿದ್ದ. ಪಕ್ಕದಲ್ಲಿ ಒಂದು ಮಂಕರಿ ಮಣ್ಣು.

ನನ್ನನ್ನು ಕಂಡು ಅವನು ಮಂಕರಿಯನ್ನು ಗದ್ದುಗೆಯ ಮೇಲೆ ಸುರಿಯಲು ಹೋದ, ಅವಸರದಲ್ಲಿ. "ತಡಿ," ಎಂದೆ. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ.

ಹೂತ ಜಾಗದ ಮಣ್ಣು ಮಳೆಗೆ ಕುಸಿಯುತ್ತದೆ. ಒಳಗೆ ಮೈ ಕರಗಿ ಟೊಳ್ಳಾದಂತೆ ಮೇಲಿನ ಮಣ್ಣು ಇಳಿಯುತ್ತದೆ. ಅಪ್ಪನ ಗದ್ದುಗೆಯ ಮೇಲೂ ಒಂದು ದುಂಡನೆಯ ತಗ್ಗು ಬಿದ್ದದ್ದು ನಾನು ಬೇಲಿಯಿಂದ ನೋಡಿದ್ದೆ. ಅವ್ವನದರಲ್ಲಿ ದುಂಡನೆಯ ತಗ್ಗಿನ ಬಲಗಡೆಯಿಂದ ಇನ್ನೊಂದು ತಗ್ಗು ಹೊರಟಿತ್ತು. ಉದ್ದಕ್ಕೆ, ಕಿರಿದಾಗಿ, ನೆಟ್ಟಗೆ ಮೂಡಲಿಗೆ. ಗುಣಿಗೆ ಇಳಿಯುವ ಮೆಟ್ಟಿಲಲ್ಲ ಅದು. ಅಷ್ಟು ಕಿರಿದಾದ ಮೆಟ್ಟಿಲಲ್ಲಿ ಯಾರೂ ಇಳಿಯಲಾರರು. ಮನುಷ್ಯರ ಕಾಲನ್ನು ಅಳೆಯುವುದು ನನ್ನ ದಿನದ ಕೆಲಸ. ಸೊಂಟದಿಂದ ಹಿಮ್ಮಡಿಯವರೆಗೆ ನಮ್ಮವ್ವನ ಕಾಲು ಎಷ್ಟುದ್ದ ಎಂದು ನನ್ನ ಕಣ್ಣಿಗೆ ಗೊತ್ತಿತ್ತು. ಆ ತಗ್ಗು ಅಷ್ಟೇ ಇತ್ತು.

"ಮುರೀಲಿಲ್ವಾ?" ಎಂದೆ.

"ಯಾರು ಮುರಿದ್ರು ಅಂದ್ರು ನಿಂಗೆ?" ಎಂದ ತಮ್ಮ.

"ಸದ್ದು ಕೇಳ್ತು ಕಣ್ಲಾ. ಬಾಗ್ಲ ಹತ್ರಾನೇ ಇದ್ದೆ."

"ಹಲಗೆ ಅಕ್ಕ ಅದು. ದೊಡ್ಡಪ್ಪ ನಾನು ಸೇರಿ ಹಲಗೆ ಸೀಳಿದ್ವಿ. ಕಾಲು ತೂರುಸಾಕೆ."

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳಿದ. ಕೂರುವ ಹಲಗೆಯ ಮುಂಭಾಗ ಸೀಳಿ, ಆ ಸಂದಿನಿಂದ ಅವ್ವನ ಬಲಗಾಲನ್ನು ಓರೆಯಾಗಿ ಕೆಳಗೆ ಇಳಿಬಿಟ್ಟಿದ್ದರು. ಸುತ್ತ ಇಳಿಬಿದ್ದ ಸೀರೆಯ ನೆರಿಗೆ ಅದನ್ನು ಮುಚ್ಚಿತ್ತು. ಮೇಲೆ ನಾವೆಲ್ಲ ಕಂಡ ಬಲಮಂಡಿ ತೆಂಗಿನ ನಾರಿನದು. ನಾರನ್ನು ಉರುಳೆ ಮಾಡಿ ಕಟ್ಟಿ, ಮಂಡಿಚಿಪ್ಪಿನ ಜಾಗಕ್ಕೆ ಅಟ್ಟದಿಂದ ಒಂದು ಒಣಕಾಯಿ ತಂದು ಇಟ್ಟಿದ್ದರು. ಉಪಾಯ ದೊಡ್ಡಪ್ಪನದೇ. ನನ್ನ ಹತ್ತಿರ ಅಷ್ಟು ಗಟ್ಟಿಯಾಗಿ ಮಾತಾಡಿದ ಮನುಷ್ಯ, ಬಾಗಿಲು ಹಾಕಿದ ಮೇಲೆ ಅವ್ವನ ಕಾಲು ನೋಡಿ ಗಳಗಳ ಅತ್ತುಬಿಟ್ಟರಂತೆ. "ನಮ್ಮವ್ವುಂದು ನಾನೇ ಮುರಿದೆ ಕಣ್ಲಾ, ಇನ್ನೊಂದು ಆಗಾಕಿಲ್ಲ ನನ್ ಕೈಲಿ," ಎಂದರಂತೆ. ಅಜ್ಜಿಯ ದಿನ ಒತ್ತಿದ್ದು ಯಾರು ಎಂದು ನನಗೆ ಅವತ್ತು ತಿಳಿಯಿತು. ಅವರೂ ಆ ಸದ್ದಿನೊಂದಿಗೇ ಬದುಕಿದ್ದರು.

ಗುಣಿ ತೋಡಿದ್ದು ತಮ್ಮನೇ. ಕಾಲಿನ ಕಾಲುವೆಗೆ ತೆಂಗಿನ ಗರಿ ಮುಚ್ಚಿದ್ದ. ಮಂದಿ ಅದನ್ನು ಇಳಿಯುವ ಮೆಟ್ಟಿಲು ಅಂದುಕೊಂಡರು. ಪಂಚೆಯ ಮರೆಯಲ್ಲಿ ಗುಣಿಗಿಳಿದು, ಕಾಲನ್ನು ಹಲಗೆಯಿಂದ ಬಿಡಿಸಿ ಅದರೊಳಗೆ ಚಾಚಿಸಿದ್ದು ಇವರಿಬ್ಬರೇ.

"ವಿಮಾನ ಹೊತ್ಕಂಡು ಬರೋವಾಗ," ಎಂದ, "ಹೆಜ್ಜೆ ಹೆಜ್ಜೆಗೂ ಆ ಕಾಯಿ ಒಳಗೆ ಕೊಬ್ಬರಿ ಗಡಗಡ ಅಂತಿತ್ತಕ್ಕ. ಯಾರಾದ್ರೂ ಕೇಳುಸ್ಕಂಡ್ರೆ ಅಂತ ಜೀವ ಬಾಯಿಗೆ ಬಂದಿತ್ತು. ಈಗ್ಲೂ ಅಟ್ಟ ಹತ್ತಾಕೆ ಆಗಲ್ಲ ನಂಗೆ. ಕಾಯಿ ಅಲ್ಲಾಡಿದ್ರೆ ಅವ್ವ ಕರ್ದಂಗಾಯ್ತದೆ."

"ನನಗೆ ಯಾಕೋ ಹೇಳ್ಲಿಲ್ಲ?"

"ಯಾರಿಗೂ ಹೇಳಬ್ಯಾಡ ಅಂತ ದೊಡ್ಡಪ್ಪ ಲಿಂಗ ಮುಟ್ಟಿಸಿ ಆಣೆ ಮಾಡಿಸ್ಕಂಡಿದ್ರು. ಅಷ್ಟ್ರಾಗೆ ಊರೆಲ್ಲ ಮಹಿಮೆ ಅಂದ್ಬುಡ್ತು. ನೀ ಬಂದು ಕೇಳಿದ್ರೆ ಹೇಳ್ಬುಡಾಣ ಅಂತಿದ್ದೆ. ನೀ ಬರ್ಲೇ ಇಲ್ಲ." ಅವನು ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. "ಮಳೆ ಬಂದಾಗೆಲ್ಲ ಕುಸಿತದೆ. ಜನ ನೋಡ್ಬುಟ್ರೆ ಅಂತ ಬಂದು ಮುಚ್ಚಿ ಹೋಗ್ತೀನಿ."

ಮಂಕರಿಗೆ ಕೈ ಹಾಕಿ ಮಣ್ಣು ತೆಗೆದೆ. ಅವತ್ತು ಹಾಕದೆ ಹೋದ ಮಣ್ಣು. ಕಿರಿದಾದ ಆ ತಗ್ಗಿನ ಪಕ್ಕ ಕೂತು, ಸೊಂಟದ ಕಡೆಯಿಂದ ಕೆಳಗೆ ತುಂಬುತ್ತಾ ಬಂದೆ. ನಡುವೆ ಒಂದು ಕಡೆ ಕೈ ತಾನಾಗೇ ನಿಂತಿತು. ಇಲ್ಲಿ ಮಂಡಿ. ಹಸಿ ಮಣ್ಣನ್ನು ಅಂಗೈಯಿಂದ ಸವರಿದೆ, ನುಣ್ಣಗಾಯಿತು. ಎದೆಯೊಳಗೆ ಎಷ್ಟೋ ಕಾಲದಿಂದ ಸೆಟೆದು ನಿಂತದ್ದೇನೋ ಸಡಿಲಾಯಿತು, ನಾನು ಜೋರಾಗಿ ಅತ್ತೆ. ತಮ್ಮ ಅಳುತ್ತಲೇ ಮಣ್ಣು ಹೊತ್ತು ತಂದ. ಇದ್ದಷ್ಟು ಕಾಲ ಯಾರ ಎದುರೂ ಚಾಚಲಾರದೆ ಬಾಗಿಲ ಮರೆಯಲ್ಲಿ ನಿಂತ ಕಾಲು, ಅಪ್ಪನ ಪಕ್ಕದಲ್ಲಿ, ನಮ್ಮ ಮರಗಳ ಬುಡಕ್ಕೆ, ಆರಾಮಾಗಿ ಚಾಚಿಕೊಂಡಿತ್ತು.

ಬೇಲಿಯ ಹತ್ತಿರ ಕೆಮ್ಮಿದ ಸದ್ದಾಯಿತು. ಹುಳಿಯಾರಿನ ಅದೇ ಹೆಂಗಸು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಜುಟ್ಟಿನ ಕಾಯಿ. ನನ್ನನ್ನು ನೋಡಿ ಅವರ ಮುಖ ಅರಳಿತು. "ಅಯ್ಯೋ, ನೀವೂ ಬಂದ್ರಾ ಡಾಕ್ಟ್ರಮ್ಮ! ನಿಮ್ಗೂ ಮಂಡಿ ನೋವಾ?"

"ಹೂಂ," ಎಂದೆ. "ನನಗೂ ಇತ್ತು."

ಆಕೆ ಕುಂಟುತ್ತಾ ಹತ್ತಿರ ಬಂದರು. ನಾನು, ತಮ್ಮ ಇಬ್ಬರೂ ಹೊಸ ಮಣ್ಣಿನ ಮೇಲೆ ಅಡ್ಡ ನಿಂತೆವು. ಆಕೆ ಊದುಬತ್ತಿ ಹಚ್ಚಿ, ಕೈ ಮುಗಿದು, ಒಡೆಯುವುದಕ್ಕೆ ಕಾಯಿ ಎತ್ತಿದರು. ನನ್ನ ಮೈ ಮೊದಲಿನಂತೆಯೇ ಬಿಗಿಯಿತು. ಸತ್ಯ ತಿಳಿದ ಮೇಲೂ ಆ ಸದ್ದು ನನ್ನನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲವೇನೋ. ನಾನು ಮುಂದೆ ಹೋಗಿ ಅವರ ಕೈ ಹಿಡಿದುಕೊಂಡೆ.

"ಒಡೀಬೇಡಿಯಮ್ಮ. ಈಯಮ್ಮನಿಗೆ ಅದು ಆಗ್ತಿರಲಿಲ್ಲ. ಇಡಿಯಾಗೇ ಇಟ್ಟು ಹೋಗಿ."

ಆಕೆ ನನ್ನ ಮುಖವನ್ನೂ ಕಾಯನ್ನೂ ನೋಡಿದರು. ಆಮೇಲೆ ಬಗ್ಗಲಾರದೆ ಬಗ್ಗಿ, ಕಾಯನ್ನು ಮಣ್ಣಿನ ಮೇಲೆ ಮೆಲ್ಲಗೆ ಇಟ್ಟರು.

ಈಗ ಆ ಗದ್ದುಗೆಯ ಮೇಲೆ ಯಾರೂ ಕಾಯಿ ಒಡೆಯುವುದಿಲ್ಲ. ಮೊನ್ನೆ ತುರುವೇಕೆರೆ ಕಡೆಯಿಂದ ಬಂದ ಮುದುಕಿಯೊಬ್ಬಳು, ನಾನು ಅವಳ ಮಂಡಿ ಮಡಚುತ್ತಿರುವಾಗ, ನನಗೆ ಆ ಜಾಗದ ಮಹಿಮೆ ವಿವರಿಸಿದಳು. ಸುಮ್ಮನೆ ಕೇಳಿಸಿಕೊಂಡೆ. "ಅಲ್ಲಿ ಒಂದೇ ನೇಮ ಕಣ್ ತಾಯಿ," ಎಂದಳು. "ಏನೂ ಮುರೀಬಾರ್ದಂತೆ."